ಅಕ್ಕನ ಮೇಜಿನ ಕೆಳಗಿನ ಬ್ಯಾಟರಿ

ನಮ್ಮಕ್ಕನ ಬೆರಳುಗಳು ಸುಮ್ಮನಿದ್ದದ್ದನ್ನು ನಾನು ನೋಡಿಯೇ ಇಲ್ಲ. ಯಾರಾದರೂ ಮಾತಾಡುತ್ತಿದ್ದರೆ ಸಾಕು, ಅವಳ ಕೈ ತೊಡೆಯ ಮೇಲೋ ಕುರ್ಚಿಯ ತೋಳಿನ ಮೇಲೋ ಆ ಮಾತನ್ನು ಟೈಪ್ ಮಾಡುತ್ತಿರುತ್ತದೆ. ಬಸ್ಸಿನಲ್ಲಿ ಹಿಂದಿನ ಸೀಟಿನ ಗಂಡಹೆಂಡಿರ ಜಗಳವನ್ನೂ ಬಿಡುವುದಿಲ್ಲ. ನನಗೆ ಸಿಟ್ಟು ಬೇಗ. ನನ್ನ ಬ್ಯಾಟರಿ ರಿಪೇರಿ ಷೆಡ್ಡಿನ ಸುತ್ತಮುತ್ತ ನನ್ನನ್ನು ಕರೆಯುವುದೇ ‘ಷಾರ್ಟ್ ಸರ್ಕೀಟು’ ಎಂದು. ಒಂದು ಸಲ ನಲ್ಲಿ ರಿಪೇರಿಯವನ ಮೇಲೆ ಕೂಗಾಡಿ, ಸುಸ್ತಾಗಿ ಒಳಗೆ ಬಂದು ಕೂತಾಗ ಅಕ್ಕ ಕೇಳಿದಳು:

“ಆಯ್ತಾ?”

“ಆಯ್ತು.”

“ನಿಮಿಷಕ್ಕೆ ತೊಂಬತ್ತು ಪದ ಬೈದೆ ಕಣೋ. ಕೋರ್ಟಲ್ಲಿ ದೊಡ್ಡ ದೊಡ್ಡ ವಕೀಲ್ರೇ ಅರವತ್ತು ದಾಟ್ತಿರ್ಲಿಲ್ಲ.”

ಅವಳು ನನಗಿಂತ ಒಂಬತ್ತು ವರ್ಷ ದೊಡ್ಡವಳು. ಹತ್ತನೇ ಕ್ಲಾಸು ಮುಗಿಸಿ ಟೈಪಿಂಗ್ ಕಲಿಯಲು ಸೇರಿದಾಗ ಮನೆಯಲ್ಲಿ ಮೆಷಿನ್ ಎಲ್ಲಿಂದ ಬರಬೇಕು? ರಟ್ಟಿನ ಪೆಟ್ಟಿಗೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಕೀಲಿಗಳನ್ನು ಬರೆದುಕೊಂಡು ಅದರ ಮೇಲೆ ಕುಟ್ಟುತ್ತಿದ್ದಳು. ಎದುರಿಗೆ ಕೂತು ಹಳೇ ಪೇಪರು ಗಟ್ಟಿಯಾಗಿ ಓದುವುದು ನನ್ನ ಕೆಲಸ. ನಾನು ಆರನೇ ಕ್ಲಾಸಿಗೇ ಪುಸ್ತಕ ಬಿಸಾಡಿದವನು. ನನಗೆ ಓದು ಅಂತ ಏನಾದರೂ ಬಂದಿದ್ದರೆ ಆ ರಟ್ಟಿನ ಪೆಟ್ಟಿಗೆಯ ಮುಂದೆ ಬಂದದ್ದು. ನಾನು ತಡವರಿಸಿ ಓದಿದರೆ ಅವಳೂ ತಡವರಿಸಿಯೇ ಕುಟ್ಟುವಳು. “ನೀನು ಓಡಿದ್ರೆ ನಾನು ಓಡ್ತೀನಿ, ಓಡೋ” ಎಂದು ಗದರುತ್ತಿದ್ದಳು.

ಆಮೇಲೆ ಇಪ್ಪತ್ತೆಂಟು ವರ್ಷ ಕೋರ್ಟಿನ ಎದುರಿನ ತಗಡಿನ ಚಪ್ಪರದ ಕೆಳಗೆ, ನಾಲ್ಕನೇ ಮೇಜಿನಲ್ಲಿ ಕೂತಳು. ಆ ದುಡಿಮೆಯಿಂದಲೇ ನನ್ನನ್ನು ಬ್ಯಾಟರಿ ಮೇಸ್ತ್ರಿಯ ಹತ್ತಿರ ಕೆಲಸಕ್ಕೆ ಬಿಟ್ಟಳು. ಕಂಪ್ಯೂಟರು ಬಂದು ಚಪ್ಪರದ ಮೇಜುಗಳು ಒಂದೊಂದಾಗಿ ಖಾಲಿಯಾದಾಗ, ನಲವತ್ತೇಳನೇ ವಯಸ್ಸಿನಲ್ಲಿ ಕಂಪ್ಯೂಟರ್ ಕಲಿಯಲು ಹೋದಳು. ಮೊದಲ ದಿನ ಪಕ್ಕದವರು “ಆಂಟಿ, ಇಲ್ಲಿ ಕೂತ್ಕೊಳ್ಳಿ” ಎಂದು ಜಾಗ ಬಿಟ್ಟರಂತೆ. ಮೂರನೇ ದಿನ ಅವಳ ಬೆರಳು ನೋಡಿ “ಮೇಡಂ” ಎಂದರಂತೆ. ಮದುವೆ ಯಾಕಾಗಲಿಲ್ಲ ಎಂದು ಕೇಳುವವರಿಗೆ “ಪುರುಸೊತ್ತಾಗ್ಲಿಲ್ಲ” ಎನ್ನುತ್ತಾಳೆ. ನಮ್ಮ ಮನೆಯ ಮುಂದಿನ ಕೋಣೆ ಅವಳದು. ನನ್ನ ಹೆಂಡತಿಗೂ ಅವಳಿಗೂ ಚೆನ್ನಾಗಿ ಆಗುತ್ತದೆ. ನನ್ನ ವಿರುದ್ಧ ಮಾತಾಡಲು ಇಬ್ಬರಿಗೂ ದಿನಾ ಏನಾದರೂ ಸಿಗುತ್ತದೆ, ಅದಕ್ಕೇ ಇರಬೇಕು.

ಈಗ ಅವಳು ಮಾಡುವ ಕೆಲಸ ನನಗೆ ಅರ್ಥವಾಗಲು ಒಂದು ತಿಂಗಳು ಬೇಕಾಯಿತು. ಕಿವಿ ಕೇಳದವರು ಕಾಲೇಜಿನಲ್ಲಿ ಕೂತಿರುತ್ತಾರೆ. ಅಲ್ಲಿ ಮೇಷ್ಟ್ರು ಆಡಿದ ಮಾತು ಇಂಟರ್ನೆಟ್ ಮೂಲಕ ಅಕ್ಕನ ಕಿವಿಗೆ ಬರುತ್ತದೆ. ಅವಳು ಇಲ್ಲಿ ಕುಟ್ಟಿದ ಅಕ್ಷರ ಆ ಕ್ಷಣವೇ ಅವರ ಮುಂದಿನ ಪರದೆಯ ಮೇಲೆ ಮೂಡುತ್ತದೆ. ಅಷ್ಟೇ. ಆದರೆ ಆ ಅಷ್ಟರಲ್ಲೇ ಎಲ್ಲ ಇದೆ.

ಅವಳ ಪಾಲಿಗೆ ಬಂದವಳು ಮೂವತ್ತೊಂದು ವರ್ಷದ ಹೆಂಗಸು. ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ನೆಲ ಒರೆಸುವ ಕೆಲಸ. ಹದಿನಾಲ್ಕರಲ್ಲಿ ಜ್ವರ ಬಂದು ಕಿವಿ ಹೋಯಿತು, ಮಾತು ಉಳಿದಿತ್ತು. ಒರೆಸುವ ಕೋಲು ಬಿಟ್ಟು ಅದೇ ಲ್ಯಾಬಿನಲ್ಲಿ ಬಿಳಿ ಕೋಟು ಹಾಕಿಕೊಂಡು ಕೂರಬೇಕೆಂದು ಓದುತ್ತಿದ್ದಳು. ಬರೆಯುವ ಪರೀಕ್ಷೆಯೆಲ್ಲ ಪಾಸು. ಬಾಯಿಮಾತಿನ ಪರೀಕ್ಷೆ ಒಂದರಲ್ಲಿ ಹಿಂದಿನ ವರ್ಷ ಹೋಗಿತ್ತು. ತುಟಿ ನೋಡಿ ಮಾತು ಹಿಡಿಯುವವಳಿಗೆ ಎದುರಿಗೆ ಕೂತ ಪರೀಕ್ಷಕರ ಮೀಸೆ ತುಟಿಯನ್ನೇ ಮುಚ್ಚಿತ್ತಂತೆ. ಈ ಸಲ ಪರೀಕ್ಷಕರ ಪ್ರಶ್ನೆಯನ್ನು ಅಕ್ಕ ಟೈಪ್ ಮಾಡಬಹುದು ಎಂದು ಒಪ್ಪಿಗೆ ಸಿಕ್ಕಿತ್ತು. ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ. ಅರ್ಧ ಗಂಟೆ. ತಪ್ಪಿದರೆ ಇನ್ನೊಂದು ವರ್ಷ ನೆಲ ಒರೆಸಬೇಕು.

ಆ ತಿಂಗಳೇ ನಮ್ಮ ಬೀದಿಯ ಹಳೇ ಕಂಬ ಕಿತ್ತು ಹೊಸದು ನೆಡುತ್ತಿದ್ದರು. ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಕಂಬ ಹತ್ತಿದವನಿಗೂ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಪಾಠದ ನಡುವೆ ಕಂಪ್ಯೂಟರು ಕಪ್ಪಾಯಿತು. ಅಕ್ಕ ಕೀಲಿಗಳ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದಳು. ಅವಳ ಮೊಬೈಲಿಗೆ ಆ ಹೆಂಗಸಿನ ಸಂದೇಶ ಬಂತು: “ಅಮ್ಮಾ, ಎಲ್ಲಿ ಹೋದ್ರಿ? ಮೇಷ್ಟ್ರು ಬಾಯಿ ಆಡಿಸ್ತಾನೇ ಇದಾರೆ.”

ಅದನ್ನು ಓದಿದ ಮೇಲೆ ನನಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ.

“ನಾನು ಬ್ಯಾಟರಿಯವನು! ನನ್ನ ಮನೇಲಿ ಕರೆಂಟಿಲ್ಲ ಅಂದ್ರೆ ಜನ ಉಗೀತಾರೆ!” ಎಂದು ಎದ್ದೆ.

“ಜನ ಉಗಿಯೋದು ಇರ್ಲಿ. ಶನಿವಾರದೊಳಗೆ ಆಗುತ್ತಾ?” ಎಂದಳು ಅಕ್ಕ.

ಇನ್ವರ್ಟರ್ ಅಂಗಡಿಯವನು ತೆಳ್ಳಗಿನ, ತಣ್ಣಗಿನ ಮನುಷ್ಯ. ಅವನ ಆ ತಣ್ಣಗಿನ ದನಿಯೇ ನನಗೆ ಮೈ ಉರಿಸುವುದು. ಷೆಡ್ಡಿನಲ್ಲಿ ಒಳ್ಳೆಯ ಲಾರಿ ಬ್ಯಾಟರಿ ಇದೆ, ಇನ್ವರ್ಟರ್ ಒಂದು ಕೊಡು ಸಾಕು ಎಂದೆ.

“ಲಾರಿ ಬ್ಯಾಟರಿ ಬೇಡ ಗುರುಗಳೇ. ಅದು ಇಂಜಿನ್‌ಗೆ ಒಂದು ಒದೆ ಕೊಟ್ಟು ಮಲಗೋ ಜಾತಿ. ನಿಮಗೆ ಬೇಕಾಗಿರೋದು ಗಂಟೆಗಟ್ಲೆ ನಡೆಯೋದು.”

“ಬ್ಯಾಟರಿ ಬಗ್ಗೆ ನನಗೆ ಹೇಳ್ಕೊಡ್ತೀಯಾ?”

“ಇಲ್ಲ ಗುರುಗಳೇ, ನಿಮಗೆ ಗೊತ್ತಿರೋದನ್ನೇ ನೆನಪಿಸ್ತಿದೀನಿ.”

ಅವನು ಹೇಳಿದ್ದು ಸರಿ. ನನಗೂ ಗೊತ್ತಿತ್ತು. ಸರಿ ಎಂದು ಹೇಳದೆ, ಅವನು ತೋರಿಸಿದ ಎತ್ತರದ ಬ್ಯಾಟರಿಯನ್ನೇ ಎತ್ತಿಕೊಂಡು ಬಂದೆ.

ಶನಿವಾರ ಇಡೀ ದಿನ ಅದೇ ಕೆಲಸ. ಬ್ಯಾಟರಿಗೆ ಗಾಳಿ ಬೇಕು ಎಂದು ಕಿಟಕಿಯ ಪಕ್ಕ, ಮೇಜಿನ ಕೆಳಗೆ ಹಲಗೆ ಹಾಕಿ ಇಟ್ಟೆ. ಇನ್ವರ್ಟರಿನ ಹಿಂದೆ ಒಂದು ಸಣ್ಣ ಗುಂಡಿ ಇರುತ್ತದೆ. ಫ್ಯಾನು ದೀಪಕ್ಕಾದರೆ ಒಂದು ಕಡೆ, ಕಂಪ್ಯೂಟರಿಗಾದರೆ ಇನ್ನೊಂದು ಕಡೆ ತಳ್ಳಬೇಕು. ಇಲ್ಲದಿದ್ದರೆ ಕರೆಂಟು ಹೋದಾಗ ಬ್ಯಾಟರಿ ಬರುವಷ್ಟರಲ್ಲಿ ಕಂಪ್ಯೂಟರ್ ಸತ್ತಿರುತ್ತದೆ. ಅದನ್ನೂ ಸರಿಯಾಗಿ ತಳ್ಳಿದೆ. ಸಂಜೆ ಮೇನ್ ಸ್ವಿಚ್ ಇಳಿಸಿದೆ. ಮನೆಯೆಲ್ಲ ಕತ್ತಲು, ಅಕ್ಕನ ಪರದೆ ಮಾತ್ರ ಬೆಳ್ಳಗೆ! ನಾನು ಹೆಂಡತಿಯ ಕಡೆ ತಿರುಗಿ ಎದೆ ಉಬ್ಬಿಸಿದೆ.

“ಸರಿ, ಆದ್ರೆ ನಾನು ಕುಟ್ಟಿದ್ದು ಎಲ್ಲೂ ಹೋಗ್ತಿಲ್ಲ,” ಎಂದಳು ಅಕ್ಕ.

ಇಂಟರ್ನೆಟ್ಟಿನ ಡಬ್ಬಿ ಎದುರು ಗೋಡೆಯ ಪ್ಲಗ್ಗಿನಲ್ಲಿ ಸತ್ತು ಮಲಗಿತ್ತು. ಅದನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಹೆಂಡತಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅಡುಗೆಮನೆಗೆ ಹೋದಳು. ನಗುವುದಕ್ಕೆಂದು ನನಗೆ ಗೊತ್ತು. ವೈರು ಎಳೆದು ಅದನ್ನೂ ಸೇರಿಸಿದೆ. ಆಮೇಲೆ ಇಬ್ಬರನ್ನೂ ನಿಲ್ಲಿಸಿ ಹೇಳಿದೆ: “ಒಳಗೆ ಆಸಿಡ್ ಇದೆ, ಶಾಕ್ ಹೊಡೆಯುತ್ತೆ. ನಾನಿಲ್ಲದಾಗ ಯಾರೂ ಇದರ ಹತ್ರ ಕೈ ತರಬಾರದು. ಏನಾದ್ರೂ ಆದ್ರೆ ನನಗೆ ಫೋನ್ ಮಾಡಿ. ಮುಟ್ಟಿದ್ರೋ, ಅಷ್ಟೇ!”

ಭಾನುವಾರ ಮೂರು ಸಲ ಕರೆಂಟು ಹೋಯಿತು. ಮೂರು ಸಲವೂ ಪರದೆ ಕಣ್ಣು ಮಿಟುಕಿಸಲಿಲ್ಲ. ನಾಲ್ಕನೇ ಸಲ ಹೋಗಲಿ ಎಂದು ನಾನೇ ಕಾಯುತ್ತಿದ್ದೆ.

ಸೋಮವಾರ ಬೆಳಿಗ್ಗೆ ಷೆಡ್ಡಿಗೆ ಹೊರಡುವ ಮುಂಚೆ ಮೇಜಿನ ಕೆಳಗೆ ಬಗ್ಗಿ ಬ್ಯಾಟರಿಯನ್ನು ಒರೆಸಿ, ನೀರಿನ ಮಟ್ಟ ನೋಡಿ ಹೋದೆ. ಹನ್ನೊಂದೂವರೆಗೆ ಹೆಂಡತಿಯ ಫೋನು.

“ರೀ, ಕರೆಂಟ್ ಹೋಯ್ತು. ಕಂಪ್ಯೂಟರೂ ಹೋಯ್ತು.”

“ಹೇಗೆ ಹೋಗುತ್ತೆ? ಏನ್ ಮುಟ್ಟಿದ್ರಿ?”

“ಯಾರೂ ಮುಟ್ಟಿಲ್ಲ. ಬೆಳಗಿಂದ ಆ ಇನ್ವರ್ಟರ್ ಮೇಲೆ ಕೆಂಪು ದೀಪ ಉರೀತಿತ್ತು. ಹೇಳಿದ್ರೆ ಬೈತೀರ ಅಂತ ಹೇಳ್ಲಿಲ್ಲ.”

ಕೆಲಸ ಬಿಟ್ಟು ಮನೆಗೆ ಬಂದೆ. ಕರೆಂಟು ಬಂದಿತ್ತು. ನನಗೆ ಸಿಟ್ಟು ತಲೆಗೇರಿದಾಗ ಕಣ್ಣು ಕಾಣುವುದಿಲ್ಲ. ಮೇಜಿನ ಕೆಳಗೆ ಕತ್ತಲಲ್ಲಿ ಕೈ ತೂರಿಸಿ ವೈರುಗಳನ್ನೆಲ್ಲ ಕಿತ್ತೆಳೆದು, ಇನ್ವರ್ಟರನ್ನು ಕಂಕುಳಲ್ಲಿ ಅವುಚಿಕೊಂಡು ಅಂಗಡಿಗೆ ಹೋಗಿ ಗಾಜಿನ ಮೇಜಿನ ಮೇಲೆ ಕುಕ್ಕಿದೆ. ಕಳ್ಳ ಮಾಲು ಎಂದೆ, ಮೋಸಗಾರ ಎಂದೆ, ಗಿರಾಕಿಗಳ ಮುಂದೆ ಇನ್ನೂ ಏನೇನೋ ಎಂದೆ. ಅವನು ಅದನ್ನು ತನ್ನ ಬ್ಯಾಟರಿಗೆ ಜೋಡಿಸಿ, ಒಂದು ಬಲ್ಬು ಹಚ್ಚಿ, ಆರಿಸಿ, ಮತ್ತೆ ಹಚ್ಚಿ ತೋರಿಸಿದ.

“ಚೆನ್ನಾಗೇ ಇದೆ ಗುರುಗಳೇ. ಕೆಂಪು ದೀಪ ಬಂದ್ರೆ ಬ್ಯಾಟರಿ ಸಿಗ್ತಿಲ್ಲ ಅಂತ ಅರ್ಥ. ಒಂದ್ಸಲ ವೈರು ನೋಡ್ಕೊಳ್ಳಿ.”

“ಮೂವತ್ತು ವರ್ಷದಿಂದ ವೈರು ನೋಡ್ತಿದೀನೋ! ನನಗೆ ವೈರು ನೋಡು ಅಂತೀಯಾ?”

“ಅಂತಿಲ್ಲ ಗುರುಗಳೇ. ದೀಪ ಅಂತಿದೆ.”

ಮನೆಗೆ ಬಂದು ಮತ್ತೆ ಎಲ್ಲ ಜೋಡಿಸಿದೆ. ಬ್ಯಾಟರಿಯ ಕಪ್ಪು ವೈರಿನ ನಟ್ಟು ನೆಲದ ಮೇಲೆಲ್ಲ ಹುಡುಕಿದರೂ ಸಿಗದೆ, ಕೊನೆಗೆ ನನ್ನ ಷರ್ಟಿನ ಜೇಬಿನಲ್ಲೇ ಇತ್ತು. ಕಿತ್ತಾಡುವಾಗ ಹಾಕಿಕೊಂಡಿರಬೇಕು ಎಂದುಕೊಂಡೆ. ಮೇನ್ ಇಳಿಸಿ ನೋಡಿದರೆ ಪರದೆ ಬೆಳ್ಳಗೆ. ಮಂಗಳವಾರ, ಬುಧವಾರ ಷೆಡ್ಡಿಗೆ ಹೋಗಲೇ ಇಲ್ಲ; ಮನೆಯಲ್ಲೇ ಕೂತು ಬ್ಯಾಟರಿ ಕಾದೆ. ಎರಡು ದಿನವೂ ಕರೆಂಟು ಹೋಯಿತು, ಬಂತು. ಒಂದು ಅಕ್ಷರ ತಪ್ಪಲಿಲ್ಲ.

ಆದರೆ ಅಕ್ಕ ಟೈಪ್ ಮಾಡುತ್ತಲೇ ಆಗಾಗ ಆ ದೀಪದ ಕಡೆ ಕಣ್ಣು ಹಾಯಿಸುತ್ತಿದ್ದಳು. ಅದನ್ನು ನೋಡಿ ನನಗೆ ಕಸಿವಿಸಿ. ಲಾರಿ ಡ್ರೈವರುಗಳು ಬಂದು “ಈ ವಾರ್ನಿಂಗ್ ದೀಪ ಕಣ್ಣಿಗೆ ಚುಚ್ಚುತ್ತೆ, ಏನಾದ್ರೂ ಮಾಡು” ಎಂದಾಗ ನಾನು ಏನು ಮಾಡುತ್ತೇನೋ ಅದನ್ನೇ ಮಾಡಿದೆ. ಕಪ್ಪು ಟೇಪ್ ಹರಿದು ದೀಪದ ಮೇಲೆ ಅಂಟಿಸಿದೆ.

“ಇನ್ನು ಅದನ್ನ ನೋಡ್ಬೇಡ, ನಿನ್ನ ಕೆಲಸ ನೋಡು.”

“ಆಯ್ತು ಬಿಡು,” ಎಂದಳು. ಬೆರಳು ಆಡುತ್ತಿತ್ತು.

ಗುರುವಾರ ನಾನು ಮನೆಯಲ್ಲೇ ಇರಬೇಕಿತ್ತು. ಆದರೆ ಬಸ್ಸೊಂದು ಷೆಡ್ಡಿನ ಮುಂದೆ ಎರಡು ದಿನದಿಂದ ನಿಂತು, ಅದರ ಡ್ರೈವರು ಫೋನಿನ ಮೇಲೆ ಫೋನು. “ಹೋಗು ಹೋಗು, ನೀನಿಲ್ಲಿ ಅಡ್ಡಾಡ್ತಿದ್ರೆ ನನಗೆ ಕೈ ನಡುಗುತ್ತೆ,” ಎಂದು ಅಕ್ಕನೇ ಅಟ್ಟಿದಳು. ಹೊರಡುವ ಮುಂಚೆ ಮತ್ತೆ ಬಗ್ಗಿ ಬ್ಯಾಟರಿ ಒರೆಸಿದೆ, ನೀರು ನೋಡಿದೆ, ಎಲ್ಲ ಸರಿ ಎಂದು ಎದ್ದೆ.

ಹನ್ನೊಂದು ಗಂಟೆ ಆಗುವುದನ್ನೇ ನೋಡುತ್ತ ಬಸ್ಸಿನ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದೆ. ಹನ್ನೊಂದು ಹತ್ತಕ್ಕೆ ಪಕ್ಕದ ವೆಲ್ಡಿಂಗ್ ಅಂಗಡಿಯ ಸದ್ದು ತಟಕ್ಕನೆ ನಿಂತಿತು. ಕರೆಂಟು ಹೋಗಿತ್ತು. ನಮ್ಮ ಬೀದಿಗೂ ಷೆಡ್ಡಿಗೂ ಒಂದೇ ಲೈನು. ನಾನು ಹೊರಗೆ ಬಂದು, ಕೈ ಒರೆಸಿಕೊಂಡು, ಡ್ರೈವರಿಗೆ ಹೇಳಿದೆ: “ಈಗ ನೋಡು, ಇಡೀ ಬೀದೀಲಿ ನಮ್ಮಕ್ಕನ ಕಂಪ್ಯೂಟರ್ ಒಂದೇ ನಡೀತಿರುತ್ತೆ.”

“ನಿನ್ನ ಕೈಗುಣ ಬಿಡು ಮಾರಾಯ,” ಎಂದ ಡ್ರೈವರು. “ನನ್ನ ಬಸ್ಸು ಆಯ್ತಾ?”

“ಆಯ್ತು. ನೆಗೆಟಿವ್ ಜೋಡಿಸಿಬಿಟ್ರೆ ಸ್ಟಾರ್ಟ್ ಮಾಡ್ಬಹುದು.”

ನೆಗೆಟಿವ್ ಎಂದರೆ ಬ್ಯಾಟರಿಯ ಕಪ್ಪು ವೈರು. ನಾನು ಕೆಲಸ ಕಲಿಯುವಾಗ ಒಂದು ಲಾರಿ ನನ್ನಿಂದಲೇ ಷಾರ್ಟಾಗಿ ಬೆಳಗಾಗುವಷ್ಟರಲ್ಲಿ ಬೂದಿಯಾಗಿತ್ತು. ಮೇಸ್ತ್ರಿ ಕೆನ್ನೆಗೆ ಹೊಡೆದು ಹೇಳಿದ್ದ: “ಬ್ಯಾಟರಿ ಬಿಟ್ಟು ಹೋಗೋವಾಗ ನೆಗೆಟಿವ್ ಬಿಚ್ಚು, ನಟ್ಟು ಜೇಬಿಗೆ ಹಾಕ್ಕೋ. ಆಗ ಯಾರೂ ಸ್ಟಾರ್ಟ್ ಮಾಡೋಕಾಗಲ್ಲ, ಏನೂ ಸುಡಲ್ಲ.” ಆವತ್ತಿನಿಂದ ನನ್ನ ಕೈ ಅದನ್ನು ಮಾಡುತ್ತಲೇ ಬಂದಿದೆ. ನಾನು ಹೇಳಬೇಕಾಗಿಯೇ ಇಲ್ಲ.

ಬಸ್ಸಿನ ನಟ್ಟಿಗಾಗಿ ಜೇಬಿಗೆ ಕೈ ಹಾಕಿದೆ. ಎರಡು ನಟ್ಟು ಬಂದವು.

ಒಂದು ಬಸ್ಸಿನದು, ಗ್ರೀಸು ಹಿಡಿದದ್ದು. ಇನ್ನೊಂದು ಹೊಸದು, ಪಳಪಳ ಹೊಳೆಯುವುದು. ನಮ್ಮ ಮನೆಯಲ್ಲಿ ಬಿಟ್ಟರೆ ಬೇರೆಲ್ಲೂ ಆ ಹೊಳಪಿನ ನಟ್ಟನ್ನು ನಾನು ಆ ವಾರ ಮುಟ್ಟಿರಲಿಲ್ಲ.

ಮನೆಗೆ ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ಸ್ಕೂಟರಿಗೆ ಒದ್ದೆ, ಒದೆಯುತ್ತಲೇ ಇದ್ದೆ. ಹತ್ತಿಕೊಂಡಿತು. ಕರೆಂಟಿಲ್ಲದೆ ಸಿಗ್ನಲ್ ದೀಪಗಳು ಸತ್ತು, ನಾಲ್ಕೂ ದಿಕ್ಕಿನ ಗಾಡಿಗಳು ಒಂದರ ಮೂತಿಗೆ ಒಂದು ಸಿಕ್ಕಿಹಾಕಿಕೊಂಡು ಹಾರನ್ ಹೊಡೆಯುತ್ತಿದ್ದವು. ಎಲ್ಲರನ್ನೂ ಬೈದೆ. ಬೈಯುವಾಗ ಗೊತ್ತಾಗುತ್ತಿತ್ತು, ಬೈಯಬೇಕಾದವನು ಸ್ಕೂಟರಿನ ಮೇಲೆ ಕೂತಿದ್ದಾನೆ ಎಂದು. ಕೊನೆಗೆ ಗಾಡಿಯನ್ನು ಒಂದು ಅಂಗಡಿಯ ಮುಂದೆ ಬಿಟ್ಟು, ನಟ್ಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಓಡಿದೆ.

ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದರೆ ಮನೆ ನಿಶ್ಶಬ್ದ. ಫ್ಯಾನು ನಿಂತಿತ್ತು. ಅಕ್ಕ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಳು. ಕೈಗೆ ಪಾತ್ರೆ ತೊಳೆಯುವ ಹಳದಿ ರಬ್ಬರ್ ಗ್ಲೌಸು ಒಂದೇ ಇತ್ತು; ಇನ್ನೊಂದು ನೆಲದ ಮೇಲೆ ಬಿದ್ದಿತ್ತು. ಪರದೆ ಬೆಳ್ಳಗೆ ಉರಿಯುತ್ತಿತ್ತು. ನನ್ನನ್ನು ನೋಡದೆಯೇ ಒಂದು ಬೆರಳೆತ್ತಿ ಸುಮ್ಮನಿರು ಎಂದಳು. ಆ ಬೆರಳು ಕೆಳಗಿಳಿದು ಕೀಲಿಗಳಿಗೆ ಸೇರಿಕೊಂಡಿತು. ನಾನು ನಿಂತಲ್ಲೇ ನಿಂತು ಪರದೆಯ ಮೇಲಿನದನ್ನು ಒಂದೊಂದೇ ಅಕ್ಷರ ಓದಿದೆ: “ರಕ್ತದ ಟ್ಯೂಬನ್ನು ಜೋರಾಗಿ ಕುಲುಕಬಾರದು. ಏಕೆ?” ಅಕ್ಕ ಕಾದಳು. ಅತ್ತ ಕಡೆ ಉತ್ತರ ಬರುತ್ತಿರಬೇಕು. ಅವಳ ತಲೆ ಮೆಲ್ಲಗೆ ಹೌದು ಹೌದು ಎಂದು ಆಡಿತು.

ಹೆಂಡತಿ ನನ್ನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು. ಅವಳ ಕೈಯಲ್ಲಿ ಟಾರ್ಚು ಇನ್ನೂ ಉರಿಯುತ್ತಿತ್ತು.

“ಕರೆಂಟ್ ಹೋದ ತಕ್ಷಣ ಎಲ್ಲಾ ಕಪ್ಪಾಯ್ತು,” ಎಂದಳು ಪಿಸುದನಿಯಲ್ಲಿ. “ಅತ್ತಿಗೆ ಒಂದು ಕ್ಷಣ ಕೂತಿದ್ರು. ಆಮೇಲೆ ಆ ಟೇಪ್ ಕಿತ್ರು. ಕೆಂಪು ದೀಪ. ‘ಗ್ಲೌಸ್ ಕೊಡು, ಟಾರ್ಚ್ ಹಿಡಿ’ ಅಂದು ಮೇಜಿನ ಕೆಳಗೆ ನುಗ್ಗಿಬಿಟ್ರು. ಕಪ್ಪು ವೈರು ನೇತಾಡ್ತಿತ್ತು. ‘ಗೊತ್ತಾಯ್ತು, ನನ್ನ ಡಬ್ಬಿ ತಾ’ ಅಂದ್ರು.”

“ಯಾವ ಡಬ್ಬಿ?”

ಅವಳು ಕಪಾಟಿನ ಮೇಲೆ ತೋರಿಸಿದಳು. ಹಳೇ ಬಿಸ್ಕತ್ತಿನ ಡಬ್ಬಿ, ಮುಚ್ಚಳ ತೆರೆದೇ ಇತ್ತು. ಒಳಗೆ ಅರ್ಧದವರೆಗೆ ನಟ್ಟುಗಳು. ತುಕ್ಕು ಹಿಡಿದವು, ಗ್ರೀಸಿನವು, ಸಣ್ಣವು, ದೊಡ್ಡವು. ನನ್ನ ಷರ್ಟುಗಳನ್ನು ಒಗೆಯಲು ಹಾಕುವ ಮುಂಚೆ ಜೇಬು ತಡಕುವುದು ಅಕ್ಕ. ಷೆಡ್ಡಿನಲ್ಲಿ “ನಟ್ಟೆಲ್ಲೋ ಹೋಯ್ತು” ಎಂದು ನಾನು ಯಾರ ಯಾರ ಮೇಲೆ ಕೂಗಾಡಿದ್ದೆನೋ, ಅವೆಲ್ಲ ಇಲ್ಲಿ ಬಂದು ಮಲಗಿದ್ದವು.

“ಮೂರು ಹಾಕಿ ನೋಡಿದ್ರು, ನಾಲ್ಕನೇದು ಕೂತ್ಕೊಳ್ತು. ಇಕ್ಕಳದಲ್ಲಿ ಬಿಗಿ ಮಾಡಿದ್ರು. ಕಂಪ್ಯೂಟರ್ ಎದ್ದು ಬರೋಷ್ಟರಲ್ಲಿ ಆರು ನಿಮಿಷ ಹೋಯ್ತು ರೀ. ಕಾಲೇಜಿನವರು ಅತ್ತಿಗೆ ಮೊಬೈಲಿಗೆ ಮೆಸೇಜ್ ಕಳಿಸಿದ್ರು. ಆ ಹೆಣ್ಣುಮಗಳು ಅಲ್ಲಿ ‘ಅಕ್ಷರ ನಿಂತಿದೆ, ದಯವಿಟ್ಟು ಕಾಯಿರಿ’ ಅಂತ ಪರೀಕ್ಷಕರಿಗೆ ಹೇಳಿದಳಂತೆ. ಕಾದ್ರಂತೆ. ಆದ್ರೆ ಎರಡು ಪ್ರಶ್ನೆ ಆಗಲೇ ದಾಟಿ ಹೋಗಿತ್ತಂತೆ.”

ಹನ್ನೊಂದು ಮುಕ್ಕಾಲಿಗೆ ಅಕ್ಕ ಹೆಡ್‌ಫೋನ್ ತೆಗೆದು ಹೊರಗೆ ಬಂದು ಒಂದು ಲೋಟ ನೀರು ಕುಡಿದಳು. ನಾನು ಮುಷ್ಟಿ ಬಿಚ್ಚಿ ನಟ್ಟು ತೋರಿಸಿದೆ. ಅಂಗೈಯಲ್ಲಿ ಆರು ಮೂಲೆಯ ಗುರುತು ಒತ್ತಿಹೋಗಿತ್ತು.

“ಸೋಮವಾರವೇ ಯಾಕೆ ನೋಡ್ಲಿಲ್ಲ ನೀನು?” ಎಂದೆ. ಆಗಲೂ ನನ್ನ ದನಿ ಜೋರಾಗಿಯೇ ಬಂತು.

“ಮುಟ್ಟಿದ್ರೋ ಅಷ್ಟೇ ಅಂದಿದ್ಯಲ್ಲ.” ಲೋಟ ಕೆಳಗಿಟ್ಟಳು. “ನಿನ್ನ ಕೂಗಾಟ ಕೇಳಿ, ಅಂಗಡಿಯವನದೇ ತಪ್ಪು ಅಂತ ನಾನೂ ನಂಬಿದ್ದೆ ಕಣೋ.”

ಅವಳ ಬೆರಳು ತೊಡೆಯ ಮೇಲೆ ಆಡುವುದನ್ನು ನೋಡಿದೆ. ಟೈಪ್ ಮಾಡಲು ಅಲ್ಲಿ ಯಾವ ಮಾತೂ ಇರಲಿಲ್ಲ. ಬೆರಳು ನಡುಗುತ್ತಿತ್ತು.

ಸಂಜೆ ಅಂಗಡಿಯವನ ಹತ್ತಿರ ತಪ್ಪಾಯಿತು ಎಂದು ಹೇಳಲು ಹೋದೆ. ಅವನು “ವೈರು ತಾನೇ ಗುರುಗಳೇ?” ಎಂದು ನಕ್ಕ. ನನಗೆ ಮತ್ತೆ ಉರಿದು, ಕೂಗಾಡಿ, ಅರ್ಧ ದಾರಿಗೆ ಬಂದು, ತಿರುಗಿ ಹೋಗಿ ತಪ್ಪಾಯಿತು ಎಂದು ಹೇಳಿ ಬಂದೆ.

ಒಂದು ತಿಂಗಳಿಗೆ ಫಲಿತಾಂಶ ಬಂತು. ಪಾಸು. ಆ ಎರಡು ಪ್ರಶ್ನೆ ಇದ್ದಿದ್ದರೆ ಮೊದಲ ದರ್ಜೆ ಆಗುತ್ತಿತ್ತಂತೆ. ಬಿಳಿ ಕೋಟು ಹಾಕಿಕೊಂಡ ಫೋಟೋದ ಜೊತೆಗೆ ಅವಳು ಬರೆದಿದ್ದಳು: “ಬ್ಯಾಟರಿ ಹಾಕಿಕೊಟ್ಟ ನಿಮ್ಮ ತಮ್ಮನಿಗೂ ನನ್ನ ನಮಸ್ಕಾರ ಹೇಳಿ ಅಮ್ಮಾ.” ಅಕ್ಕ ಗಟ್ಟಿಯಾಗಿ ಓದಿ ಹೇಳಿದಳು. ನಾನು ಎದ್ದು ಹೊರಗೆ ಹೋಗಿ ಸ್ಕೂಟರು ಒರೆಸಿದೆ. ಅದು ಕೊಳೆಯಾಗಿರಲಿಲ್ಲ.

ಈಗ ದಿನಾ ಬೆಳಿಗ್ಗೆ ನಾನು ಷೆಡ್ಡಿಗೆ ಹೊರಡುವಾಗ ಅಕ್ಕ ಬಾಗಿಲಲ್ಲಿ ನಿಂತಿರುತ್ತಾಳೆ. ಅಂಗೈ ಚಾಚುತ್ತಾಳೆ.

“ಇಲ್ಲ ಅಂದೆ ತಾನೇ! ದಿನಾ ಇದೇನು!” ಎಂದು ರೇಗುತ್ತ ಜೇಬು ಮಗುಚಿ ತೋರಿಸುತ್ತೇನೆ. ಹೆಚ್ಚಾಗಿ ಬೀಡಿಪುಡಿ, ಒಂದು ತುಂಡು ಟೇಪು.

ಹೋದ ಬುಧವಾರ ನಟ್ಟು ಬಿತ್ತು.